ನೇಪಾಳದವರಿಗೆ ನಮ್ಮ ಮೇಲೆ ಇಷ್ಟು ಮುನಿಸು ಯಾಕೆ?

ಬೆಂಗಳೂರು ದಕ್ಷಿಣ:
ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಣ್ಣ ನೇಪಾಳದ ಗೋರ್ಖಾ ಜಿಲ್ಲೆಯವರು. ಇಲ್ಲಿಗೆ ಬಂದು ಹತ್ತು ವರ್ಷ ದಾಟಿದೆ, ಕನ್ನಡ ಸಲೀಸಾಗಿ ಮಾತಾಡುತ್ತಾರೆ. ಮೊನ್ನೆ ಮಾತಿಗೆ ಮಾತು ಬಂದು "ನೇಪಾಳ ಅಂದ್ರೆ ನಮ್ಮದೇ ಇನ್ನೊಂದು ರಾಜ್ಯ ಇದ್ದ ಹಾಗೆ ಅಲ್ವಾ" ಅಂದೆ. ಪ್ರೀತಿಯಿಂದಲೇ ಅಂದಿದ್ದು. ಅವರ ಮುಖ ಸಪ್ಪಗಾಯಿತು. "ಅದೊಂದು ಮಾತು ಬೇಡ ಸರ್" ಅಂದು ಗೇಟಿನ ಕಡೆ ಹೋದರು. ಆಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಓಡಾಡುತ್ತೇವೆ, ಹಬ್ಬ ದೇವರು ಎಲ್ಲ ಹೆಚ್ಚುಕಮ್ಮಿ ಒಂದೇ. ಹಾಗಿದ್ದರೂ ಯಾಕೆ ಹೀಗೆ? ತಿಳಿದವರು ಹೇಳಿ.

ಕಠ್ಮಂಡುವಿನಲ್ಲಿದ್ದವ:
2015ರಲ್ಲಿ ಕೆಲಸದ ಮೇಲೆ ನಾನು ಅಲ್ಲೇ ಇದ್ದೆ, ಹಾಗಾಗಿ ಕಂಡದ್ದನ್ನು ಹೇಳುತ್ತೇನೆ. ಏಪ್ರಿಲ್ 25ಕ್ಕೆ ಭೂಕಂಪ. ಸುಮಾರು 9,000 ಜನ ಸತ್ತರು. ಆಗ ಎಲ್ಲರಿಗಿಂತ ಮೊದಲು ಓಡಿ ಬಂದವರಲ್ಲಿ ಭಾರತದವರಿದ್ದರು, ಬೀದಿಯಲ್ಲಿ ಜನ ನನ್ನ ಕೈಹಿಡಿದು ಧನ್ಯವಾದ ಹೇಳಿದ್ದಾರೆ. ಸೆಪ್ಟೆಂಬರ್ 20ಕ್ಕೆ ಅವರ ಹೊಸ ಸಂವಿಧಾನ ಬಂತು, ಅದು ದೆಹಲಿಗೆ ಹಿಡಿಸಲಿಲ್ಲ, ಕೆಲವೇ ದಿನಕ್ಕೆ ಗಡಿಯಲ್ಲಿ ಲಾರಿಗಳು ನಿಂತವು. ಅವರು ಅದನ್ನು ನಾಕಾಬಂದಿ, ಅಂದ್ರೆ ಗಡಿ ದಿಗ್ಬಂಧನ, ಅನ್ನುತ್ತಾರೆ. ಪೆಟ್ರೋಲ್, ಡೀಸೆಲ್, ಗ್ಯಾಸ್ ಎಲ್ಲ ಬರೋದು ಭಾರತದಿಂದಲೇ, ಚೀನಾ ಕಡೆಯ ತಾತೋಪಾನಿ ರಸ್ತೆ ಭೂಕಂಪಕ್ಕೆ ಮುಚ್ಚಿಹೋಗಿತ್ತು. ಸಿಲಿಂಡರನ್ನು ಅರ್ಧ ತುಂಬಿಸಿ ಕೊಡುತ್ತಿದ್ದರು, ಅದಕ್ಕೂ ದಿನಗಟ್ಟಲೆ ಕ್ಯೂ. ಎಲ್ಲರೂ ಇಂಡಕ್ಷನ್ ಒಲೆ ಕೊಂಡರು, ಕರೆಂಟಿನ ಮೇಲೆ ಭಾರ ಬಿದ್ದು ಟ್ರಾನ್ಸ್‌ಫಾರ್ಮರ್ ಸುಟ್ಟವು. ಆಸ್ಪತ್ರೆಗಳಲ್ಲಿ ಔಷಧಿ ಖಾಲಿ. ಏಪ್ರಿಲ್‌ನಲ್ಲಿ ಕೈಹಿಡಿದವರೇ ನವೆಂಬರ್‌ನಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಗಡಿಜಿಲ್ಲೆ:
ಮೇಲಿನವರು ಹೇಳಿದ್ದು ನಿಜ, ಆದರೆ ಅರ್ಧ. ತರಾಯಿಯ, ಅಂದ್ರೆ ನಮ್ಮ ಗಡಿಗೆ ಅಂಟಿದ ನೇಪಾಳದ ಬಯಲು ಸೀಮೆಯ, ಮಧೇಸಿ ಜನರನ್ನು ಯಾಕೆ ಬಿಟ್ಟಿರಿ? ಹೊಸ ಸಂವಿಧಾನದಲ್ಲಿ ಪ್ರಾಂತ್ಯದ ಗಡಿ ಎಳೆದ ರೀತಿ, ಪೌರತ್ವದ ನಿಯಮ, ಎರಡರಲ್ಲೂ ತಮಗೆ ಮೋಸ ಆಯಿತು ಅಂತ ಅವರು ಬೀದಿಗಿಳಿದರು. ಹತ್ತಾರು ಜನ ಸತ್ತರು. ನೇಪಾಳದ ವೀರಗಂಜ್, ಬಿಹಾರದ ರಕ್ಸೌಲ್ ನಡುವಿನ ಸೇತುವೆ ಮೇಲೆ ಕೂತು ದಾರಿ ಅಡ್ಡಗಟ್ಟಿದವರು ಅವರೇ, ನೇಪಾಳದ ಪ್ರಜೆಗಳು. ಬಿಹಾರಕ್ಕೂ ಅವರಿಗೂ ರೋಟಿ-ಬೇಟಿ ಸಂಬಂಧ, ಹೆಣ್ಣು ಕೊಟ್ಟು ತಂದ ಮನೆಗಳು. ದೆಹಲಿ ಸುಮ್ನೆ ಕೂರೋಕೆ ಆಗುತ್ತಿತ್ತಾ?

ಕಠ್ಮಂಡುವಿನಲ್ಲಿದ್ದವ:
ಮಧೇಸಿಗಳ ನೋವು ನಿಜ, ಒಪ್ಪಿದೆ. ಆದರೆ ಧರಣಿ ಇಲ್ಲದ ಗಡಿ ದಾರಿಗಳಲ್ಲೂ ಲಾರಿ ಸರಾಗವಾಗಿ ಬರಲಿಲ್ಲವಲ್ಲ. 1989ರಲ್ಲೂ ಹೀಗೇ ಆಗಿತ್ತು, ವ್ಯಾಪಾರ ಒಪ್ಪಂದ ಮುಗಿಯಿತು ಅಂತ ಎರಡು ಬಿಟ್ಟು ಉಳಿದ ಗಡಿ ದಾರಿಗಳನ್ನೆಲ್ಲ ಭಾರತ ಮುಚ್ಚಿತ್ತು. ಎರಡು ಸಲ ಒಲೆ ಆರಿದ ಮನೆಗೆ ಕಾರಣ ವಿವರಿಸೋದು ಕಷ್ಟ.

ಹಳೇ ಪತ್ರಿಕೆಯವ:
ಬೇರು ಇನ್ನೂ ಹಿಂದೆ ಇದೆ. 1950ರ ಶಾಂತಿ-ಸ್ನೇಹ ಒಪ್ಪಂದಕ್ಕೆ ಅವರ ಕಡೆಯಿಂದ ಆಗ ಆಳುತ್ತಿದ್ದ ರಾಣಾ ಮನೆತನದ ಪ್ರಧಾನಿ ಮೋಹನ್ ಶಂಶೇರ್ ಸಹಿ ಹಾಕಿದರು, ನಮ್ಮ ಕಡೆಯಿಂದ ಬರೀ ರಾಯಭಾರಿ. ಆ ಅವಮಾನವನ್ನು ಅಲ್ಲಿ ಇವತ್ತಿಗೂ ನೆನೆಯುತ್ತಾರೆ. ಸೆಕ್ಯುರಿಟಿ ಅಣ್ಣ ಇಲ್ಲಿ ವೀಸಾ ಇಲ್ಲದೆ ದುಡಿಯಲು ಆಗಿರೋದೂ ಅದೇ ಒಪ್ಪಂದದಿಂದ, ಅದಕ್ಕೇ ಅದನ್ನು ಹರಿದು ಹಾಕಿ ಅಂತ ಅನ್ನೋದು ಅವರಿಗೂ ಸುಲಭವಲ್ಲ. ನೇಪಾಳದಿಂದ ಬಿಹಾರಕ್ಕೆ ಹರಿಯುವ ಕೋಸಿ ನದಿಯ ಅಣೆಕಟ್ಟು ಇನ್ನೊಂದು: 1954ರ ಒಪ್ಪಂದ, ಕಟ್ಟಿದ್ದು ನೇಪಾಳದ ನೆಲದಲ್ಲಿ, ಗೇಟಿನ ಕೀಲಿ ಬಿಹಾರದವರ ಕೈಯಲ್ಲಿ. 2008ರ ಆಗಸ್ಟ್‌ನಲ್ಲಿ ಕುಸಹಾ ಹತ್ತಿರ ಏರಿ ಒಡೆದು ಎರಡೂ ಕಡೆಯ ಊರು ಮುಳುಗಿದವು. ಆಮೇಲೆ 2020ರಲ್ಲಿ ಲಿಪುಲೇಖ್ ರಸ್ತೆ, ಎರಡೂ ದೇಶ ತನ್ನದು ಅನ್ನುವ ಗಡಿ ಜಾಗದಲ್ಲಿ. ನಾವು ರಸ್ತೆ ಉದ್ಘಾಟಿಸಿದ ಕೆಲವೇ ದಿನಕ್ಕೆ ಅವರು ಅಲ್ಲಿನ ಕಾಲಾಪಾನಿ ಪ್ರದೇಶವನ್ನೂ ಸೇರಿಸಿಕೊಂಡು ಹೊಸ ನಕ್ಷೆ ತಂದರು, ಸಂಸತ್ತಿನಲ್ಲಿ ಒಂದು ಮತವೂ ವಿರುದ್ಧ ಬೀಳಲಿಲ್ಲ. ಯಾವತ್ತೂ ಕಚ್ಚಾಡುವ ಪಕ್ಷಗಳು ಒಂದಾಗಿದ್ದು ಆ ನಕ್ಷೆಗೆ. ನೇಪಾಳವನ್ನು ಒಂದು ಮಾಡಿದ ಪೃಥ್ವಿನಾರಾಯಣ ಶಾ ತಮ್ಮ ದೇಶವನ್ನು ಎರಡು ಬಂಡೆಗಳ, ಅಂದ್ರೆ ಎರಡು ದೊಡ್ಡ ನೆರೆಯವರ, ನಡುವಿನ ಗೆಣಸು ಅಂದಿದ್ದ. ಅವನೂ ಗೋರ್ಖಾದವನೇ, ನಿಮ್ಮ ಸೆಕ್ಯುರಿಟಿಯವರ ಊರು!

ಕರಾವಳಿ:
ನಮ್ಮ ಕಡೆಯ ಕೊಂಡಿಯನ್ನೂ ಹೇಳಬೇಕು. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ತಲೆತಲಾಂತರದಿಂದ ಕರ್ನಾಟಕದ ಭಟ್ಟರೇ ಹೋಗೋದು. 2008ರ ಕೊನೆಗೆ ಮಾವೋವಾದಿ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತು. ಅದನ್ನು ವಿರೋಧಿಸಿ ಬೀದಿಗಿಳಿದವರು ನೇಪಾಳದ ಭಕ್ತರೇ, ಕೋರ್ಟೂ ತಡೆಯಿತು. ಮರುವರ್ಷ ಹೊಸದಾಗಿ ಹೋದ ನಮ್ಮ ಭಟ್ಟರ ಮೇಲೆ ಹಲ್ಲೆಯೂ ಆಯಿತು. ಎರಡೂ ಅದೇ ಊರಲ್ಲಿ ಆದದ್ದು.

ಬೆಂಗಳೂರು ದಕ್ಷಿಣ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಚಹಾ ತೆಗೆದುಕೊಂಡು ಹೋಗಿ "ತಪ್ಪಾಯ್ತು ಅಣ್ಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ 2015ರ ಸುದ್ದಿ ತೆಗೆದರು. ಮನೆ ಬಿದ್ದು ಹೋಗಿತ್ತಂತೆ, ಆ ಚಳಿಗಾಲ ಅಮ್ಮ ತಗಡಿನ ಕೆಳಗೆ ಇದ್ದರಂತೆ. ಇವರು ಇಲ್ಲಿಂದ ಕಳಿಸಿದ ದುಡ್ಡು ಕೈಗೆ ಸಿಕ್ಕರೂ ಊರಿಗೆ ಬಸ್ ಓಡುತ್ತಿರಲಿಲ್ಲ, ಪೇಟೆಗೆ ಹೋಗಿ ಸಾಮಾನು ತರೋಕೆ ಅಮ್ಮನಿಗೆ ಆಗಲಿಲ್ಲವಂತೆ.