ಜೆಎನ್‌ಐ ಬಂದ್ ಅಂತೆ!

ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಬ್ಯಾಚಿನ ಗುಂಪಿಗೆ ಗಡ್ಡ ಒಂದು ಫಾರ್ವರ್ಡ್ ಹಾಕಿದ. "ಎಚ್ಚರ! ಜಾವಾ 24ರಿಂದ ಜೆಎನ್‌ಐ ಬಂದ್. ಸಿ ಲೈಬ್ರರಿ ಬಳಸುವ ಹಳೆ ವೆಬ್ ಅಪ್ಲಿಕೇಶನ್‌ಗಳೆಲ್ಲ ನಿಂತುಹೋಗುತ್ತವೆ. ಹತ್ತು ಜನಕ್ಕೆ ಕಳಿಸಿ." ಜಾವಾ ಪ್ರೋಗ್ರಾಂ ಸಿ ಭಾಷೆಯ ಕೋಡನ್ನು ಕರೆಯುವ ದಾರಿಗೆ ಜೆಎನ್‌ಐ ಅಂತಾರೆ. ಫಾರ್ವರ್ಡಿನ ಕೆಳಗೆ ಅವನದೇ ಒಂದು ಸಾಲು: "ನಾನು ಆಗಲೇ ಹೇಳಿರಲಿಲ್ವಾ?"

ಆ ಸಾಲು ಯಾರಿಗೆ ಅಂತ ಇಡೀ ಗುಂಪಿಗೆ ಗೊತ್ತು. ನನಗೆ.

ವಕೀಲ ತಕ್ಷಣ ಬಂದ. ಓದಿದ್ದು ಇಂಜಿನಿಯರಿಂಗೇ, ವಾದ ಮಾಡಿ ಮಾಡಿ ಆ ಹೆಸರು ಬಂತು.

"ಮೂಲ ಎಲ್ಲಿದೆ?"

"ನನ್ನ ಭಾವಮೈದ ಕಳಿಸಿದ್ದು."

"ಭಾವಮೈದ ಮೂಲ ಅಲ್ಲ ಮಗಾ, ಸಂಬಂಧ."

ಕೊನೆಗೆ ವಕೀಲನೇ ಹುಡುಕಿ ಬರೆದ: "ಜಾವಾದವರ ಬದಲಾವಣೆ ಪ್ರಸ್ತಾವ, ಜೆಇಪಿ 472 ಓದು. 24ರಲ್ಲಿ ಬರುವುದು ಬರೀ ವಾರ್ನಿಂಗ್. ಬೇಡ ಅಂದ್ರೆ ಜಾವಾ ಶುರು ಮಾಡುವಾಗ 'ಎನೇಬಲ್ ನೇಟಿವ್ ಆಕ್ಸೆಸ್' ಅಂತ ಕೊಡು. ಮುಂದೆ ಯಾವತ್ತೋ ಅದನ್ನು ಕೊಡದಿದ್ದರೆ ಎರರ್ ಬರುತ್ತೆ. ಜೆಎನ್‌ಐ ತೆಗೆಯುವ ಮಾತೇ ಇಲ್ಲ."

ಇದನ್ನು ಯಾರೂ ಓದಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಎದ್ದಿದ್ದರು. "ಸಿ ಲ್ಯಾಬಿನಲ್ಲಿ ಬಡಕೊಂಡೆ. ಮ್ಯಾಲಕ್ ಮಾಡಿ ಮೆಮರಿ ತಗೊಂಡವನೇ ಫ್ರೀ ಮಾಡಬೇಕು. ತಗೊಂಡದ್ದನ್ನು ವಾಪಸ್ ಕೊಡಬೇಕು. ಸಾಲಕ್ಕೂ ಇದೇ ನಿಯಮ." ಸಾಲು ಸಾಲು ಕೈಮುಗಿದ ಚಿತ್ರಗಳು ಬಂದವು.

"ಸಾಲ ಅಂದಾಗ ನೆನಪಾಯ್ತು, ಕ್ಯಾಂಟೀನ್ ಭಟ್ಟರ ಖಾತೆ!" ಅಂತ ಬೋಂಡಾ ಶುರು ಮಾಡಿದ. ಟರ್ಬೋ ಸಿಯ ನೀಲಿ ಪರದೆ, ಫ್ಲಾಪಿಯಲ್ಲಿ ಕದ್ದ ಅಸೈನ್‌ಮೆಂಟ್, ಹಾಸ್ಟೆಲಿನ ತಣ್ಣನೆ ಉಪ್ಪಿಟ್ಟು. ಇಪ್ಪತ್ತು ನಿಮಿಷ ಅದೇ ನಡೆಯಿತು.

ಗಡ್ಡ ಮಾತ್ರ ಬಿಡಲಿಲ್ಲ. "2009ರಲ್ಲಿ ಇವನ ಸಿ ಕೋಡಿನಿಂದ ನಮ್ಮ ವೆಬ್ ಅಪ್ಲಿಕೇಶನ್ ನಡೆಸುವ ಸರ್ವರ್ ಟಾಮ್‌ಕ್ಯಾಟ್ ಸತ್ತು, ರಾತ್ರಿ ಮೂರಕ್ಕೆ ನಾನು ಆಫೀಸಿಗೆ ಓಡಿದ್ದೆ."

ಹಳೆ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಲೈಬ್ರರಿ ಅದು, ನಾನೇ ಬರೆದದ್ದು. ಇಷ್ಟು ವರ್ಷ ಸುಮ್ನೆ ಇದ್ದೆ. ಇವತ್ತು ಕೇಳಿಯೇ ಬಿಟ್ಟೆ.

"ನನ್ನ ಕೋಡ್ ಬಿದ್ದಿದ್ದರೆ ಜಾವಾ ನಡೆಸುವ ಜೆವಿಎಂ ಪೂರ್ತಿ ಬೀಳಬೇಕಿತ್ತು, ಪಕ್ಕದ ಅಪ್ಲಿಕೇಶನ್‌ಗಳೂ ಜೊತೆಗೆ. 'ಎಚ್‌ಎಸ್ ಎರ್ ಪಿಐಡಿ' ಅಂತ ಒಂದು ಕ್ರ್ಯಾಶ್ ಫೈಲ್ ಇರಬೇಕಿತ್ತು. ನೋಡಿದೆಯಾ?"

"ಇಲ್ಲ."

"ಪಕ್ಕದ ಅಪ್ಲಿಕೇಶನ್ ನಡೀತಿತ್ತಾ?"

"ನಡೀತಿತ್ತು."

"ಲಾಗಿನಲ್ಲಿ ಏನಿತ್ತು ನಾನೇ ಹೇಳ್ತೀನಿ. 'ನೇಟಿವ್ ಲೈಬ್ರರಿ ಆಲ್‌ರೆಡಿ ಲೋಡೆಡ್ ಇನ್ ಅನದರ್ ಕ್ಲಾಸ್‌ಲೋಡರ್.' ನೀನು ಟಾಮ್‌ಕ್ಯಾಟ್ ನಿಲ್ಲಿಸದೆ ಅಪ್ಲಿಕೇಶನ್ನಿನ ಹೊಸ ಕಟ್ಟು, ಅಂದ್ರೆ ವಾರ್ ಫೈಲ್, ಹಾಕಿದ್ದೆ. ಪ್ರತಿ ಸಲ ಹಾಕಿದಾಗಲೂ ಅದರ ಕೋಡನ್ನು ಮೆಮರಿಗೆ ತರುವ ಹೊಸ ಕ್ಲಾಸ್‌ಲೋಡರ್ ಹುಟ್ಟುತ್ತೆ. ಹಳೆಯದು ಇನ್ನೂ ಮೆಮರಿಯಲ್ಲೇ ಕೂತು ನನ್ನ ಲೈಬ್ರರಿ ಹಿಡಿದುಕೊಂಡಿತ್ತು. ಹಳೆ ಬಾಡಿಗೆಯವರು ಬೀಗದ ಕೈ ಕೊಡದೆ ಹೊಸಬರು ಹೇಗೆ ಒಳಗೆ ಹೋಗ್ತಾರೆ?"

ಆಗ ಮರುದಿನವೇ ನಾನು ಲೈಬ್ರರಿ ಲೋಡ್ ಮಾಡುವ ಕ್ಲಾಸನ್ನು ವಾರ್ ಫೈಲಿನಿಂದ ಕಿತ್ತು ಟಾಮ್‌ಕ್ಯಾಟಿನ ಲಿಬ್ ಫೋಲ್ಡರಿಗೆ ಹಾಕಿದ್ದೆ. ಅಲ್ಲಿದ್ದರೆ ಒಂದೇ ಸಲ ಲೋಡ್ ಆಗುತ್ತದೆ, ವಾರ್ ಎಷ್ಟು ಸಲ ಬದಲಿಸಿದರೂ ತೊಂದರೆ ಇಲ್ಲ. ಅದನ್ನೂ ಬರೆದೆ. ಗಡ್ಡನ ಹೆಸರಿನ ಕೆಳಗೆ "ಟೈಪಿಂಗ್" ಅಂತ ಬಂತು, ಹೋಯಿತು, ಮತ್ತೆ ಬಂತು.

"ಅದೆಲ್ಲ ಇರಲಿ. ಮೂರು ಗಂಟೆಗೆ ಹೋದವನು ನಾನು ತಾನೇ? ಆಟೋಗೆ 300 ಕೊಟ್ಟೆ. ಅದನ್ನು ಯಾರು ಕೊಡ್ತಾರೆ?"

"ಬಿಲ್ ಇದೆಯಾ?" ಅಂದ ವಕೀಲ.