ಪದಚರ್ಚೆ: 'ಹಂಚಿಕೊಳ್ಳಬೇಡಿ' ಅಂದರೆ ಏನು ಮಾಡಬೇಡಿ ಅಂತ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಹೊಸ ಪದವೇನಲ್ಲ, ದಿನಾ ಬಳಸುವುದೇ. 'ಹಂಚಿಕೊಳ್ಳು'.

ನಮ್ಮೂರ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ (ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು) ನಾವು ಮೂರ್ನಾಲ್ಕು ಜನ ಸೇರಿ ಒಂದು ಕರಪತ್ರ ಮಾಡುತ್ತಿದ್ದೇವೆ. ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದ ಹಿರಿಯರಿಗಾಗಿ. ಒಂದೇ ಪುಟ. ಅದರಲ್ಲಿ 'ನಿಜವೋ ಸುಳ್ಳೋ ನೋಡದೆ ಯಾವುದನ್ನೂ ಹಂಚಿಕೊಳ್ಳಬೇಡಿ' ಅಂತ ಒಂದು ಸಾಲಿದೆ. ಕರಡನ್ನು ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. ಎಲ್ಲ ಕೇಳಿ ಆ ಸಾಲಿನ ಹತ್ತಿರ ನಿಲ್ಲಿಸಿದರು. "ಅಲ್ಲ ಕಣಮ್ಮ, ಮಕ್ಕಳಿಗೆ ಹಂಚ್ಕೊಂಡು ತಿನ್ನಿ ಅಂತ ಹೇಳ್ಕೊಡ್ತೀವಿ. ಹಂಚ್ಕೋಬೇಡಿ ಅಂತ ಯಾರಾದ್ರೂ ಹೇಳ್ತಾರಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಹಂಚುವುದು ಒಳ್ಳೆಯ ಕೆಲಸ ಅಂತ ಆ ಪದದ ಒಳಗೇ ಕೂತಿದೆ. ಪ್ರಸಾದ ಹಂಚುತ್ತೇವೆ, ಮಗು ಹುಟ್ಟಿದರೆ ಸಕ್ಕರೆ ಹಂಚುತ್ತೇವೆ. 'ಹಂಚಿ ಉಂಡರೆ ಹಸಿವಿಲ್ಲ' ಅನ್ನುವ ಗಾದೆಯನ್ನು ಕೇಳುತ್ತಾ ಬೆಳೆದವರಿಗೆ 'ಹಂಚಬೇಡಿ' ಅನ್ನುವ ಬುದ್ಧಿಮಾತು ಕಿವಿಗೆ ಒಗ್ಗುವುದಿಲ್ಲ.

ಆಮೇಲೆ ಆ ಪದವನ್ನು ಬಿಡಿಸಿ ನೋಡುತ್ತಾ ಕೂತೆ. ನಾನು ಭಾಷಾಶಾಸ್ತ್ರ ಓದಿದವಳಲ್ಲ, ತಪ್ಪಿದ್ದರೆ ತಿದ್ದಿ.

ಹಳಗನ್ನಡದಲ್ಲಿ ಇದು 'ಪಂಚು'. ಪುಲಿ ಹುಲಿ ಆದ ಹಾಗೆ, ಪೂ ಹೂ ಆದ ಹಾಗೆ ಪಂಚು ಹಂಚು ಆಯಿತು. ತೆಲುಗಿನಲ್ಲಿ ಈಗಲೂ 'ಪಂಚು', 'ಪಂಚುಕೊನು' ಇದೆ. ತಮಿಳಿನ 'ಪಗಿರ್' ಕೂಡ ಇದೇ ಬಳಗದ್ದು. ಈ ಭಾಷೆಗಳಲ್ಲೂ ಶೇರ್ ಮಾಡುವುದಕ್ಕೆ ಇವೇ ಪದಗಳನ್ನು ಬಳಸುವುದುಂಟು, ನಮ್ಮಲ್ಲಿ 'ಹಂಚಿಕೊಳ್ಳಿ' ಇರುವ ಹಾಗೆ. ಹಾಗಾಗಿ ಇದು ಯಾರೋ ಒಬ್ಬರು ಅವಸರದಲ್ಲಿ ಮಾಡಿದ ಅನುವಾದ ಅಂತ ತಳ್ಳಿಹಾಕಲು ಬರುವುದಿಲ್ಲ.

ಆದರೆ ಮೂಲದಲ್ಲಿ ಹಂಚುವುದು ಅಂದರೆ ಭಾಗ ಮಾಡುವುದು. ಭಾಗ ಮಾಡಿದರೆ ನನ್ನ ಪಾಲು ಕಡಿಮೆಯಾಗಬೇಕು. ಒಂದು ರೊಟ್ಟಿ ಇಬ್ಬರು ಹಂಚಿಕೊಂಡರೆ ಇಬ್ಬರಿಗೂ ಅರ್ಧರ್ಧ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು ಅಂದರೆ ನಡುವೆ ಬದು ಬಿತ್ತು ಅಂತಲೇ ಅರ್ಥ. 'ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಯಿತು' ಅಂತ ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳುತ್ತೇವಲ್ಲ, ಅಲ್ಲಿ ಹಂಚಿಹೋಗುವುದು ಅಂದರೆ ಚೂರಾಗುವುದು. ಕಷ್ಟಸುಖ ಹಂಚಿಕೊಳ್ಳುವುದರಲ್ಲೂ ಇದೇ ಲೆಕ್ಕ ಇದೆ ಅಂತ ನನಗೆ ಅನಿಸುತ್ತದೆ. ನನ್ನ ಕಷ್ಟದಲ್ಲಿ ಒಂದು ಪಾಲನ್ನು ಎದುರಿಗೆ ಕೂತವಳು ಹೊತ್ತುಕೊಂಡಳು, ನನ್ನ ಹೊರೆ ಅಷ್ಟು ಇಳಿಯಿತು. ಕೇಳಿಸಿಕೊಳ್ಳುವವರು ಎದುರಿಗೆ ಇಲ್ಲದೆ ಆ ಹಂಚಿಕೆ ಆಗುವುದಿಲ್ಲ.

ಇನ್ನೊಂದು ವಿಷಯ ಆ 'ಕೊಳ್ಳು'. ಹಂಚಿಕೊಳ್ಳುವವರು ಮೊದಲೆಲ್ಲ ಯಾವಾಗಲೂ ಇಬ್ಬರೋ ಮೂವರೋ ಇರುತ್ತಿದ್ದರು. 'ನಾವು ಹಂಚಿಕೊಂಡೆವು.' ಒಬ್ಬರೇ ಆದರೆ 'ಅವಳು ತನ್ನ ದುಃಖವನ್ನು ಅಕ್ಕನ ಜೊತೆ ಹಂಚಿಕೊಂಡಳು' ಅಂತ ಆ 'ಜೊತೆ' ಬರಲೇಬೇಕಿತ್ತು. ಈಗ ಪತ್ರಿಕೆಗಳಲ್ಲಿ 'ಸಚಿವರು ಫೋಟೋ ಹಂಚಿಕೊಂಡಿದ್ದಾರೆ' ಅಂತ ಓದುತ್ತೇವೆ. ಯಾರ ಜೊತೆ? ವಾಕ್ಯದಲ್ಲಿ ಅವರಿಲ್ಲ. ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಹಾಕಿದವರಿಗೂ ಗೊತ್ತಿಲ್ಲ.

'ಹಾಕಿದವರು' ಅಂತ ಕೈ ತಾನಾಗಿಯೇ ಬರೆಯಿತು ನೋಡಿ! ಮಾತಿನಲ್ಲಿ ನಾವು ಹೇಳುವುದೇ ಹಾಗೆ. 'ಫೇಸ್‌ಬುಕ್‌ಗೆ ಹಾಕಿದೀನಿ ನೋಡು', 'ಸ್ಟೇಟಸ್ ಹಾಕಿದಾಳೆ', 'ಗ್ರೂಪಿಗೆ ಹಾಕಿ', 'ಲೊಕೇಶನ್ ಕಳಿಸಿ'. ನನ್ನ ಸುತ್ತ ಮಾತಾಡುವಾಗ 'ಹಂಚಿಕೊಂಡೆ' ಅನ್ನುವವರನ್ನು ನಾನು ಕಂಡಿಲ್ಲ. ಬರೆಯಲು ಕೂತಾಗ ಮಾತ್ರ ಅದು ಬರುತ್ತದೆ. ಹಾಕು, ಕಳಿಸು, ಶೇರ್ ಮಾಡು, ಫಾರ್ವರ್ಡ್ ಮಾಡು, ಈ ನಾಲ್ಕೂ ಬರಹಕ್ಕೆ ಬರುವಷ್ಟರಲ್ಲಿ ಒಂದೇ 'ಹಂಚಿಕೊಳ್ಳು' ಆಗಿಬಿಡುತ್ತವೆ. ನನ್ನ ತಕರಾರು ಇರುವುದು ಇಲ್ಲೇ.

ಯಾಕೆಂದರೆ ಸುದ್ದಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವುದಕ್ಕೆ ಕನ್ನಡದಲ್ಲಿ ಪದಗಳ ಬಡತನ ಇರಲಿಲ್ಲ. ಸಾವಿನ ಸುದ್ದಿಯನ್ನು 'ಮುಟ್ಟಿಸುತ್ತಿದ್ದರು'. ಊರೂರಿಗೆ ಆಳು ಹೋಗುತ್ತಿದ್ದ, ಯಾರ ಮನೆಗೆ ಮುಟ್ಟಿಸಬೇಕು ಅಂತ ಅವನಿಗೆ ಗೊತ್ತಿರುತ್ತಿತ್ತು, ಮುಟ್ಟದೆ ಹೋದರೆ ಅದು ಅವನ ತಪ್ಪು. ಡಂಗುರ ಹೊಡೆದು 'ಸಾರುತ್ತಿದ್ದರು'. ಕೇಳುವವರು ಯಾರಾದರೂ ಇರಬಹುದು, ಆದರೆ ಸಾರುವವನು ಬೀದಿಯ ನಡುವೆ ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಿಂತಿರುತ್ತಿದ್ದ. ಗಾಳಿಸುದ್ದಿಯನ್ನು 'ಹಬ್ಬಿಸುತ್ತಿದ್ದರು'. ಅಲ್ಲಿ ಯಾರು ಶುರು ಮಾಡಿದ್ದು ಅಂತ ಗೊತ್ತಾಗುತ್ತಿರಲಿಲ್ಲ, ಆದರೆ ಹಬ್ಬಿಸುವುದು ಕೆಟ್ಟದ್ದು ಅಂತ ಪದವೇ ಹೇಳುತ್ತಿತ್ತು. 'ನೀನ್ಯಾಕೆ ಹಬ್ಬಿಸ್ತೀಯಾ' ಅಂದರೆ ಅದು ಬೈಗುಳ.

ಈಗ ಮುಟ್ಟಿಸುವುದೂ ಹಂಚಿಕೊಳ್ಳುವುದೇ. ಸಾರುವುದೂ, ಹಬ್ಬಿಸುವುದೂ ಹಂಚಿಕೊಳ್ಳುವುದೇ.

ಇದರಿಂದ ಏನಾಗುತ್ತದೆ ಅಂತ ಹೇಳಲು ನನ್ನ ಮನಸ್ಸಿನಿಂದ ಹೋಗದ ಒಂದು ಘಟನೆ ಇದೆ. 2018ರ ಜುಲೈ 13, ಬೀದರ್ ಜಿಲ್ಲೆ. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಒಂದು ಊರಿನ ಹತ್ತಿರ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆಗ ಎಲ್ಲೆಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವಿಡಿಯೊಗಳು ಓಡಾಡುತ್ತಿದ್ದ ಕಾಲ. ಜನರಿಗೆ ಅನುಮಾನ ಬಂತು. ಗೆಳೆಯರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಗೆ ಅವರ ವಿಡಿಯೊ ತಲುಪಿತ್ತು. ಅಲ್ಲಿ ದಾರಿ ಕಟ್ಟಿ, ಗುಂಪು ಮೇಲೆ ಬಿದ್ದು, ಒಬ್ಬ ಎಂಜಿನಿಯರ್ ಹುಡುಗನನ್ನು ಹೊಡೆದು ಕೊಂದರು. ಪೊಲೀಸರು ಬಂಧಿಸಿದ 30ಕ್ಕೂ ಹೆಚ್ಚು ಜನರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದರು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಿತಿ ಹಾಕುವುದಾಗಿ ಹೇಳಿತು.

ಇದನ್ನು ಇವತ್ತಿನ ಬರಹದ ಕನ್ನಡದಲ್ಲಿ ಬರೆದರೆ ಏನಾಗುತ್ತದೆ ನೋಡಿ. ಆ ಹುಡುಗರು ಮಕ್ಕಳಿಗೆ ಚಾಕೊಲೇಟ್ 'ಹಂಚಿದರು'. ಊರಿನವರು ವಿಡಿಯೊ 'ಹಂಚಿಕೊಂಡರು'. ಎರಡಕ್ಕೂ ಒಂದೇ ಪದ. ನನಗೆ ಇದನ್ನು ಸಹಿಸಲು ಆಗುವುದಿಲ್ಲ. ಮೊದಲನೆಯದು ಹಂಚುವುದು ಹೌದು. ಎರಡನೆಯದು ಹಬ್ಬಿಸುವುದು, ಬೇರೆ ಹೆಸರು ಅದಕ್ಕಿಲ್ಲ.

ಬ್ಲಾಗ್ ಕಾಲದ ಮಾತನ್ನೂ ಸ್ವಲ್ಪ ಹೇಳಬೇಕು. 'ಬ್ಲಾಗ್' ಪದ ಹುಟ್ಟಿದ್ದೇ 1999ರಲ್ಲಿ, 'ವೆಬ್‌ಲಾಗ್' ಅನ್ನುವುದನ್ನು ಕತ್ತರಿಸಿ. ಅದಕ್ಕೆ ಕನ್ನಡ ಪದ ಹುಡುಕುವ ಪ್ರಯತ್ನ ನಡೆದರೂ ನಾವು ಬ್ಲಾಗನ್ನೇ ಇಟ್ಟುಕೊಂಡು ಬ್ಲಾಗಿಗ, ಬ್ಲಾಗಿಸು ಮಾಡಿಕೊಂಡೆವು. ಅದು ಚೆನ್ನಾಗಿಯೇ ಒಗ್ಗಿತು, ಅದರ ಬಗ್ಗೆ ನನಗೆ ದೂರಿಲ್ಲ. ಆಗ ಇನ್ನೊಬ್ಬರ ಬರಹ ಇಷ್ಟವಾದರೆ ನಾವು ಏನು ಮಾಡುತ್ತಿದ್ದೆವು? 'ಕೊಂಡಿ ಕೊಡುತ್ತಿದ್ದೆವು', ಅಂದರೆ ಲಿಂಕ್. ಎಷ್ಟು ಒಳ್ಳೆಯ ಮಾತು ಅದು! ಕೊಂಡಿ ಕೊಟ್ಟರೆ ಓದುವವರು ಬರೆದವರ ಮನೆಗೇ ಹೋಗಬೇಕು. ಅಲ್ಲಿ ಬರೆದವರ ಹೆಸರಿರುತ್ತದೆ, ಕೆಳಗೆ ಜಗಳವೋ ಮೆಚ್ಚುಗೆಯೋ ನಡೆದಿರುತ್ತದೆ, ತಪ್ಪಿದ್ದರೆ ಯಾರಾದರೂ ತಿದ್ದಿರುತ್ತಾರೆ. ಟ್ವಿಟರ್‌ನಲ್ಲೂ ಮೊದಲು ಜನ ಇನ್ನೊಬ್ಬರ ಮಾತನ್ನು ಕೈಯಾರೆ ನಕಲು ಮಾಡಿ, ಅವರ ಹೆಸರು ಬರೆದು ಹಾಕುತ್ತಿದ್ದರು. 2009ರಲ್ಲಿ ಅದಕ್ಕೊಂದು 'ರೀಟ್ವೀಟ್' ಬಟನ್ ಬಂತು. ಅದನ್ನು ಮಾಡಿದ ತಂಡದ ಎಂಜಿನಿಯರ್ ಕ್ರಿಸ್ ವೆದರೆಲ್, 4 ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಕೊಟ್ಟ ಹಾಗಾಯಿತೇನೋ ಅಂತ 10 ವರ್ಷದ ಮೇಲೆ ಮರುಗಿದರು.

ಈಗ ಒಂದು ಒಳ್ಳೆಯ ಲೇಖನ ವಾಟ್ಸಾಪ್‌ನಲ್ಲಿ ನಾಲ್ಕು ಗ್ರೂಪು ದಾಟುವಷ್ಟರಲ್ಲಿ ಕೊನೆಗೆ 'ಕೃಪೆ: ವಾಟ್ಸಾಪ್' ಅಂತ ಉಳಿಯುತ್ತದೆ. ಬರೆದವರು ರಾತ್ರಿಯೆಲ್ಲ ಕೂತು ಬರೆದಿರುತ್ತಾರೆ. ಹೆಸರು ಅಳಿಸಿದವರು ಯಾರು ಅಂದರೆ ಯಾರೂ ಇಲ್ಲ. ಎಲ್ಲರೂ ಸುಮ್ನೆ ಹಂಚಿಕೊಂಡವರು, ಅಷ್ಟೇ. ಇಲ್ಲಿ ನಿಜವಾಗಿ ಪಾಲು ಕಳೆದುಕೊಂಡವರು ಬರೆದವರೊಬ್ಬರೇ.

ಕೆಲಸದ ಜಾಗದಲ್ಲೂ ಇದೇ ಕಥೆ. ಮೊದಲು 'ತಿಳಿಸುವುದು' ಅಂತ ಇತ್ತು. ತಿಳಿಸಿದೆ ಅಂದರೆ ಎದುರಿನವರಿಗೆ ತಿಳಿಯಿತು ಅಂತ ಅರ್ಥ, ತಿಳಿಯುವ ಹಾಗೆ ಮಾಡುವುದು ಹೇಳುವವರ ಹೊಣೆ. ಈಗ 'ಗ್ರೂಪಿಗೆ ಹಾಕಿದ್ದೆನಲ್ಲ'. ಒಂದು ಸಲ ನಾನು ಹೋಗಬೇಕಿದ್ದ ತರಬೇತಿಯ ದಿನ ಬದಲಾಯಿತು. ರಾತ್ರಿ ಹನ್ನೊಂದಕ್ಕೆ ಗ್ರೂಪಿಗೆ ಹಾಕಿದ್ದರು. ಅದರ ಮೇಲೆ ಐವತ್ತು ಶುಭೋದಯದ ಚಿತ್ರಗಳು ಬಂದು ಕೂತಿದ್ದವು. ಎರಡು ಬಸ್ ಬದಲಿಸಿ ಹೋದರೆ ಬಾಗಿಲಿಗೆ ಬೀಗ. ಕೇಳಿದರೆ, 'ಮಾಹಿತಿ ಹಂಚಿಕೊಂಡಿದ್ದೇವೆ ಮೇಡಂ'. ಹಂಚಿಕೊಂಡದ್ದು ಹೌದು, ತಿಳಿಸಿರಲಿಲ್ಲ. ನೋಡಿಕೊಳ್ಳದ ತಪ್ಪು ನನ್ನದಾಯಿತು.

ಮದುವೆ ಮನೆಯದ್ದು ನಿಮಗೂ ಗೊತ್ತೇ ಇದೆ. ಲಗ್ನಪತ್ರಿಕೆ ಹಂಚುವುದು ಅಂದರೆ ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಕೂತು, ನೀರು ಕುಡಿದು ಬರುವುದಾಗಿತ್ತು. ಈಗ ಪಿಡಿಎಫ್ ಬರುತ್ತದೆ, ಜೊತೆಗೆ 'ಇದನ್ನೇ ಖುದ್ದು ಆಹ್ವಾನವೆಂದು ತಿಳಿಯಿರಿ' ಅಂತ ಒಂದು ಸಾಲು. ದೂರದ ಊರಿನವರಿಗೆ, ಅಮೆರಿಕದಲ್ಲಿರುವ ತಮ್ಮನಿಗೆ ಅದು ಅನುಕೂಲವೇ, ಅವನೂ ಫೋನಿನಲ್ಲೇ ಧಾರೆ ನೋಡಿ ಕಣ್ಣೀರು ಹಾಕಿದ. ಆದರೆ ನಮ್ಮ ಪಕ್ಕದ ಮನೆ ಅಜ್ಜಿ ಅಂಥ ಮದುವೆಗೆ ಹೋಗುವುದಿಲ್ಲ. 'ಕಳ್ಸಿದಾರೆ, ಕರೆದಿಲ್ಲ' ಅನ್ನುತ್ತಾರೆ. ಕಳಿಸುವುದಕ್ಕೂ ಕರೆಯುವುದಕ್ಕೂ ಇರುವ ಅಂತರ ಅವರಿಗೆ ಅಷ್ಟು ಸ್ಪಷ್ಟವಾಗಿದೆ.

ಹಂಚಿಕೊಳ್ಳು ಪದವನ್ನೇ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಕನ್ನಡ ವಿಕಿಪೀಡಿಯಾದಲ್ಲಿ 2003ರಿಂದ ಜನ ಸಂಬಳವಿಲ್ಲದೆ ಬರೆಯುತ್ತಿದ್ದಾರಲ್ಲ, ಅದು ಹಂಚಿಕೊಳ್ಳುವುದೇ. ಅಲ್ಲಿ ಗೊತ್ತಿರುವುದನ್ನು ಕೊಡುವವರೂ ಇದ್ದಾರೆ, ಪಡೆದು ತಿದ್ದುವವರೂ ಇದ್ದಾರೆ. ಕೋವಿಡ್ ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್ ಮೇ ತಿಂಗಳಲ್ಲಿ, ಎಲ್ಲಿ ಬೆಡ್ ಇದೆ, ಎಲ್ಲಿ ಆಕ್ಸಿಜನ್ ಸಿಗುತ್ತದೆ ಅಂತ ಹುಡುಗರು ಒಂದೊಂದು ನಂಬರಿಗೂ ಫೋನ್ ಮಾಡಿ ಕೇಳಿ, ಆಮೇಲೆ ಹಾಕುತ್ತಿದ್ದರು. ಅದಕ್ಕೆ ನಾನು 'ಮುಟ್ಟಿಸಿದರು' ಅನ್ನುತ್ತೇನೆ. ಅಂಥ ಕೆಲಸಕ್ಕೂ ಗಾಳಿಸುದ್ದಿಗೂ ಒಂದೇ ಪದ ಇಟ್ಟರೆ ಆ ಹುಡುಗರ ಶ್ರಮ ಕಾಣುವುದಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮದು ಹಾಕಿದರೆ 'ಹಾಕು' ಸಾಕು, ಬರಹದಲ್ಲೂ ಅದನ್ನೇ ಬರೆಯಬಹುದು ಅಂತ ನನ್ನ ಅನಿಸಿಕೆ. ಇನ್ನೊಬ್ಬರದ್ದನ್ನು ಮುಂದಕ್ಕೆ ಕಳಿಸುವುದಕ್ಕೆ 'ದಾಟಿಸು' ಆಗುತ್ತದೆಯೇ? ಕೈಯಿಂದ ಕೈಗೆ ದಾಟಿಸುವಾಗ ನಡುವೆ ನನ್ನ ಕೈಯೂ ಇತ್ತು ಅನ್ನುವುದು ಅದರಲ್ಲಿ ಉಳಿಯುತ್ತದೆ. ಆದರೆ ಹಳೆಯ ಮೈಸೂರು ಕಡೆಯ ನನಗೆ ಹೀಗೆ ಕೇಳಿಸುವುದು ಧಾರವಾಡದವರಿಗೆ, ಮಂಗಳೂರಿನವರಿಗೆ ಹೇಗೆ ಕೇಳಿಸುತ್ತದೋ. ನಿಮ್ಮ ಕಡೆ ಮನೆಯ ಹಿರಿಯರು ಫಾರ್ವರ್ಡ್ ಮಾಡುವುದಕ್ಕೆ ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಅವರ ಬಾಯಲ್ಲಿ ಬಂದದ್ದನ್ನು ಹಾಗೆಯೇ ಬರೆಯಿರಿ.

ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಆ ಸಾಲನ್ನು ಸದ್ಯಕ್ಕೆ 'ನಿಜವೋ ಸುಳ್ಳೋ ನೋಡದೆ ಯಾವುದನ್ನೂ ಹಬ್ಬಿಸಬೇಡಿ' ಅಂತ ತಿದ್ದಿ ಅಜ್ಜಿಗೆ ಮತ್ತೆ ಓದಿ ಹೇಳಿದೆ. "ಹಾಂ, ಇದು ಸರಿ" ಅಂದರು. ನಮ್ಮ ತಂಡದ ಹುಡುಗನಿಗೆ ಮಾತ್ರ ಸಮಾಧಾನ ಇಲ್ಲ. ಓದುವವರನ್ನು ಮೊದಲೇ ಬೈದ ಹಾಗೆ ಆಗುತ್ತದೆ, ಅವರು ಒಳ್ಳೆಯದಾಗಲಿ ಅಂತಲೇ ಕಳಿಸಿರುತ್ತಾರೆ ಅಲ್ವಾ ಅನ್ನುತ್ತಾನೆ. ಅವನ ಮಾತಿನಲ್ಲೂ ನ್ಯಾಯ ಇದೆ. ಬೈಗುಳವೂ ಆಗದ, ಪ್ರಸಾದದ ಹಾಗೂ ಕೇಳಿಸದ ಒಂದು ಪದ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಶುಕ್ರವಾರದೊಳಗೆ ತಿಳಿಸಿ.