ಕ್ಲಿಯರೆನ್ಸ್ ಫಾರ್ಮ್‌ನಲ್ಲಿ ಗಾಂಜಾ ವಿಷಯ ಮುಚ್ಚಿಡಬೇಡಿ

ಅಕ್ಕ, ಮಗ ಕಾಲೇಜಿನಲ್ಲಿದ್ದಾಗ ನಾಲ್ಕೈದು ಸಲ ಗಾಂಜಾ ಸೇದಿದ್ದ, ಈಗ ಅಮೆರಿಕದ ಡಿಫೆನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ) ಫಾರ್ಮ್‌ನಲ್ಲಿ ಅದನ್ನು ಬರೆಯಲೇಬೇಕಾ ಅಂತ ಕೇಳಿದ್ದೀರಿ. ಇಲ್ಲಿ ಇಬ್ಬರು ಮೂವರು "ಯಾರಿಗೆ ಗೊತ್ತಾಗುತ್ತೆ, ಸುಮ್ನೆ ಬಿಡಿ" ಅಂದಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಬರೆಯಲಿ, ಪೂರ್ತಿ ಬರೆಯಲಿ.

ಈ ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಫಾರ್ಮ್‌ನ 23ನೇ ಭಾಗ ಡ್ರಗ್ಸ್ ಬಗ್ಗೆಯೇ ಇದೆ. ಕಳೆದ 7 ವರ್ಷದ ವಿಷಯ ಕೇಳುತ್ತಾರೆ. ಏನು ತಗೊಂಡೆ, ಮೊದಲು ಯಾವಾಗ, ಕೊನೆಗೆ ಯಾವಾಗ, ಎಷ್ಟು ಸಲ, ಮುಂದೆ ತಗೊಳ್ಳುವ ಯೋಚನೆ ಇದೆಯಾ, ಎಲ್ಲ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಮಾರುತ್ತಾರಲ್ವಾ ಅಂತ ಮಕ್ಕಳು ವಾದ ಮಾಡುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯದ ಕಾನೂನಲ್ಲ, ಇಡೀ ದೇಶದ ಫೆಡರಲ್ ಕಾನೂನು; ಅದರ ಪ್ರಕಾರ ಗಾಂಜಾ ಸೇದುವುದು ತಪ್ಪೇ. ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್ ಹತ್ತಿರ ಇಸ್ಕೊಂಡು ನುಂಗಿದ ಅಡೆರಾಲ್ (ಗಮನ ಹೆಚ್ಚಿಸಲು ಡಾಕ್ಟರ್ ಚೀಟಿ ಮೇಲೆ ಕೊಡುವ ಔಷಧಿ) ಮಾತ್ರೆಯನ್ನೂ ಅದೇ ಭಾಗದಲ್ಲಿ ಬರೆಯಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ಡ್ರಗ್ಸ್ ಅಂತಲೇ ಎಣಿಸುವುದಿಲ್ಲ.

ಬರೆದರೆ ಕೆಲಸ ಹೋಯಿತು ಅಂತ ಹೆದರಬೇಡಿ. ಹಿಂದೆ ಗಾಂಜಾ ಸೇದಿದ್ದೊಂದನ್ನೇ ಹಿಡಿದು ತೀರ್ಮಾನ ಮಾಡಬಾರದು ಅಂತ ಅಮೆರಿಕದ ರಾಷ್ಟ್ರೀಯ ಗುಪ್ತಚರ ನಿರ್ದೇಶಕರು 2021ರ ಡಿಸೆಂಬರ್‌ನಲ್ಲೇ ಸೂಚನೆ ಕೊಟ್ಟಿದ್ದಾರೆ. ಎಷ್ಟು ದಿನದ ಹಿಂದೆ, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದಾನಾ ಅಂತ ನೋಡುತ್ತಾರೆ. ಇನ್ನು ಮುಂದೆ ಮುಟ್ಟುವುದಿಲ್ಲ ಅಂತ ಬರೆದು ಸಹಿ ಹಾಕಿಕೊಟ್ಟರೆ ಅದಕ್ಕೂ ಬೆಲೆ ಇದೆ. ಆದರೆ ಫಾರ್ಮ್‌ಗೆ ಸಹಿ ಹಾಕಿದ ಮೇಲೂ ಸೇದಿದರೆ ಯಾರೂ ಕಾಪಾಡಲಾರರು.

ಸುಳ್ಳಿನ ಕಥೆಯೇ ಬೇರೆ. ಕ್ಲಿಯರೆನ್ಸ್ ನಿಯಮಗಳಲ್ಲಿ ಡ್ರಗ್ಸ್‌ಗೆ ಒಂದು ವಿಭಾಗ ಇದ್ದರೆ, ಪ್ರಾಮಾಣಿಕತೆಗೆ ಇನ್ನೊಂದೇ ವಿಭಾಗ ಇದೆ. ನಾಲ್ಕು ಸಲ ಸೇದಿದ್ದು ವರ್ಷ ಕಳೆದಂತೆ ಹಳೆಯದಾಗುತ್ತದೆ. ಮೊನ್ನೆ ಸಹಿ ಹಾಕಿದ ಸುಳ್ಳು ಮೊನ್ನೆಯದೇ. ಬೇಕಂತಲೇ ಸುಳ್ಳು ಬರೆಯುವುದು ಅಪರಾಧ, 5 ವರ್ಷದವರೆಗೆ ಜೈಲು ಆಗಬಹುದು. ಮತ್ತೆ, ಗೊತ್ತಾಗುವುದಿಲ್ಲ ಅನ್ನುವುದೂ ಸುಳ್ಳು. ಹಿನ್ನೆಲೆ ತನಿಖೆ ಮಾಡುವ ಇನ್ವೆಸ್ಟಿಗೇಟರ್ ಅವನ ಸ್ನೇಹಿತರನ್ನು, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ಹಳೆಯ ರೂಮ್‌ಮೇಟ್ "ಹೌದು, ಪಾರ್ಟಿಯಲ್ಲಿ ಎಲ್ಲರೂ ಸೇದ್ತಿದ್ವಿ" ಅಂದರೆ ಮುಗಿಯಿತು. ಡ್ರಗ್ಸ್ ಬಳಸಿದ್ದನ್ನು ನಿಜವಾಗಿ ಒಪ್ಪಿಕೊಂಡರೆ ಆ ಉತ್ತರವನ್ನು ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿಯಾಗಿ ಬಳಸುವುದಿಲ್ಲ ಅಂತ ಫಾರ್ಮ್‌ನಲ್ಲೇ ಅಚ್ಚಾಗಿದೆ.

ಮರ್ಯಾದೆ ಹೋಗುತ್ತದೆ ಅಂತ ಮಗನಿಗೆ "ಇಲ್ಲ ಅಂತ ಹಾಕು" ಅಂದುಬಿಟ್ಟರೆ, ನಮ್ಮ ಮರ್ಯಾದೆಗೆ ಅವನ ಭವಿಷ್ಯ ಅಡವಿಟ್ಟ ಹಾಗೆ. ನನಗೆ ಸಂಕಟ ಆಗುವುದು ಇದಕ್ಕೇ.

ಒಂದು ಎಚ್ಚರಿಕೆ. ಇದೆಲ್ಲ ಅಮೆರಿಕದ ಸಿಟಿಜನ್ ಆದವರಿಗೆ. ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವ ಮಕ್ಕಳು ಇಮಿಗ್ರೇಷನ್‌ನವರ ಮುಂದೆ ಗಾಂಜಾ ಸೇದಿದ್ದು ಒಪ್ಪಿಕೊಂಡರೆ ದೇಶದೊಳಗೆ ಬರುವುದಕ್ಕೇ ತೊಂದರೆ ಆಗಬಹುದು. ಅಲ್ಲೂ ಸುಳ್ಳು ಬೇಡ, ಮೊದಲು ವಕೀಲರನ್ನು ಕೇಳಿ.

ಆಗಲೇ "ಇಲ್ಲ" ಅಂತ ಕಳಿಸಿಬಿಟ್ಟಿದ್ದರೆ, ಇನ್ವೆಸ್ಟಿಗೇಟರ್ ಕೇಳುವ ಮೊದಲೇ ಅವನೇ ಸರಿಪಡಿಸಲಿ. ಎದುರಿಗೆ ಸಾಕ್ಷಿ ಇಡುವ ಮುಂಚೆ ತಾನಾಗಿ ತಿದ್ದಿಕೊಂಡವರ ಪರವಾಗಿ ಅದನ್ನು ಎಣಿಸಬಹುದು ಅಂತ ನಿಯಮದಲ್ಲೇ ಇದೆ. ಈ ವಾರವೇ ಮಾಡಿಸಿ ಅಕ್ಕ.